ಸೊನ್ನೆ ತಾರೀಖಿನ ಬಾಕಿ

ತೊಗರಿ ಗಂಜ್ ಮಾರುಕಟ್ಟೆಗೆ ಬರುವುದು ಡಿಸೆಂಬರ್ ಹೊತ್ತಿಗೆ. ಆಮೇಲೆ ಅಡತ್ (ಕಮಿಷನ್ ವ್ಯಾಪಾರದ) ಅಂಗಡಿಯ ಕಂಪ್ಯೂಟರ್ ಮುಟ್ಟಲು ಯಾರೂ ಬಿಡುವುದಿಲ್ಲ. ಅದಕ್ಕೇ ಕಲಬುರಗಿಯ ಒಂದು ಅಂಗಡಿಯ ಲೆಕ್ಕವನ್ನು ಮೈಎಸ್‌ಕ್ಯೂಎಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸಾಗಿಸುವ ಕೆಲಸವನ್ನು ಮಳೆಗಾಲದಲ್ಲೇ ಹಿಡಿದೆ. ಎರಡೂ ಲೆಕ್ಕ, ದಾಖಲೆ ಕೂಡಿಡುವ ಡೇಟಾಬೇಸ್ ತಂತ್ರಾಂಶಗಳು. ಅವರದು ಮೈಎಸ್‌ಕ್ಯೂಎಲ್ 5.7 ಆವೃತ್ತಿ. ಅದಕ್ಕೆ ಬೆಂಬಲ 2023ರ ಅಕ್ಟೋಬರ್‌ನಲ್ಲೇ ಮುಗಿದಿತ್ತು. ಮೈಎಸ್‌ಕ್ಯೂಎಲ್‌ನದೇ ಹೊಸ ಆವೃತ್ತಿಗೆ ಏರಿಸಿದ್ದರೂ ನಡೆಯುತ್ತಿತ್ತು. ಆದರೆ ಅವರ ದಾಲ್ ಮಿಲ್ಲಿನ ಲೆಕ್ಕ ಆಗಲೇ ಪೋಸ್ಟ್‌ಗ್ರೆಸ್‌ನಲ್ಲಿತ್ತು. ಎರಡೂ ಒಂದೇ ಕಡೆ ಇದ್ದರೆ ನೋಡಿಕೊಳ್ಳುವುದು ಸುಲಭ ಅಲ್ವಾ? ಇಂಥ ಕಾರಣ ಇಲ್ಲದಿದ್ದರೆ ಸುಮ್ನೆ ಬದಲಿಸಬೇಡಿ ಅಂತಲೇ ನಾನು ಹೇಳುವುದು.

ಪಿಜಿಲೋಡರ್ ಅನ್ನುವ ಉಚಿತ ಟೂಲ್ ಇದೆ. ಒಂದೇ ಸಂಜೆಗೆ ಟೇಬಲ್ಲುಗಳೆಲ್ಲ ಬಂದವು. ಸಾಲುಗಳ ಎಣಿಕೆ ಎರಡೂ ಕಡೆ ಸರಿಯಾಗಿತ್ತು. ಹಳೆಯದನ್ನು ಹಾಗೇ ಓಡಲು ಬಿಟ್ಟು, ಹೊಸದನ್ನು ಮುನೀಮರಿಗೆ ನೋಡಲು ಕೊಟ್ಟೆ. ಮರುದಿನ ಬೆಳಿಗ್ಗೆಯೇ ಫೋನ್ ಬಂತು. "ಸರ್, ರೈತರ ಬಾಕಿ ಒಂದೂ ಇಲ್ಲಂತ ತೋರಸ್ಲಾಕತ್ತದ್ರೀ."

ಎದೆ ಧಸಕ್ಕೆಂದಿತು. ಅದು ರೈತರಿಗೆ ಕೊಡಬೇಕಾದ ದುಡ್ಡು.

ಆದದ್ದು ಇಷ್ಟು. ಹಳೆ ತಂತ್ರಾಂಶ ಓಡಲಿ ಅಂತ ತಪ್ಪು ಮಾಹಿತಿಯನ್ನು ತಡೆಯುವ ಮೈಎಸ್‌ಕ್ಯೂಎಲ್‌ನ ಕಟ್ಟುನಿಟ್ಟಿನ ಮೋಡ್ ಅನ್ನು ಯಾವಾಗಲೋ ಆಫ್ ಮಾಡಿದ್ದರು. ಹಣ ಕೊಡುವ ತನಕ ಪಾವತಿ ತಾರೀಖು 0000-00-00 ಅಂತ ಕೂತಿರುತ್ತಿತ್ತು. ಪೋಸ್ಟ್‌ಗ್ರೆಸ್ ಆ ತಾರೀಖನ್ನು ಒಪ್ಪುವುದಿಲ್ಲ, ಕ್ಯಾಲೆಂಡರಿನಲ್ಲಿ ಅಂಥ ದಿನವೇ ಇಲ್ಲ. ಹಾಗಾಗಿ ಪಿಜಿಲೋಡರ್ ಅದನ್ನು ನಲ್, ಅಂದರೆ ಏನೂ ತುಂಬದ ಖಾಲಿ ಜಾಗ, ಮಾಡಿತು. ಅದು ಮಾಡಿದ್ದು ಸರಿಯೇ. ಆದರೆ ಬಾಕಿ ಹುಡುಕಿ ತೆಗೆಯುವ ನಮ್ಮ ಆದೇಶ, ಅಂದರೆ ಕ್ವೆರಿ, "ಪಾವತಿ ತಾರೀಖು ಮಾರಾಟದ ಬಿಲ್ಲಿನ ತಾರೀಖಿಗಿಂತ ಹಿಂದಿದ್ದರೆ ಬಾಕಿ" ಅಂತ ಲೆಕ್ಕ ಹಿಡಿಯುತ್ತಿತ್ತು. ಸೊನ್ನೆ ತಾರೀಖು ಎಲ್ಲ ತಾರೀಖಿಗಿಂತ ಹಿಂದೆ. ನಲ್ ಮಾತ್ರ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಅಂಥ ಸಾಲುಗಳೆಲ್ಲ ಸದ್ದಿಲ್ಲದೆ ಬಿಟ್ಟುಹೋದವು. ಎರರ್ ಬಂದಿದ್ದರೆ ಆ ಸಂಜೆಯೇ ಹಿಡಿಯುತ್ತಿದ್ದೆ. ಬಂದದ್ದು ಖಾಲಿ ಪಟ್ಟಿ. ಕ್ವೆರಿಯನ್ನು "ತಾರೀಖು ನಲ್ ಇದ್ದರೆ ಬಾಕಿ" ಅಂತ ತಿದ್ದಿದೆ. ತಿದ್ದಲು ಐದು ನಿಮಿಷ ಸಾಕಾಯಿತು. ಇಂಥದ್ದು ಇನ್ನೆಲ್ಲಿದೆ ಅಂತ ಹುಡುಕಲು ಒಂದು ವಾರ ಹಿಡಿಯಿತು.

ಹುಡುಕಿದಾಗ ಲಾರಿ ನಂಬರ್ ಸಿಕ್ಕಿತು. ಕಲಬುರಗಿಯ ಗಾಡಿಗಳದು ಕೆಎ 32. ಹಮಾಲರ ಗಡಿಬಿಡಿಯಲ್ಲಿ ಹುಡುಗರು ಅದನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಒತ್ತುತ್ತಾರೆ. ಮೈಎಸ್‌ಕ್ಯೂಎಲ್ ಮಾಮೂಲಿ ಸೆಟ್ಟಿಂಗಿನಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎರಡನ್ನೂ ಒಂದೇ ಅಂತ ನೋಡುತ್ತದೆ. ಪೋಸ್ಟ್‌ಗ್ರೆಸ್‌ಗೆ ಅವು ಬೇರೆ ಬೇರೆ. ನಂಬರ್ ಒಳಗೆ ಬರುವಾಗಲೇ ಎಲ್ಲವನ್ನೂ ದೊಡ್ಡ ಅಕ್ಷರ ಮಾಡಿದೆ, ಹಳೆಯವನ್ನೂ ತಿದ್ದಿದೆ.

ಕನ್ನಡ ಹೆಸರುಗಳ ಬಗ್ಗೆ ಜಾಸ್ತಿ ಭಯವಿತ್ತು. ಹಳೆ ಟೇಬಲ್ ಲ್ಯಾಟಿನ್1 (ಕನ್ನಡಕ್ಕೆ ಜಾಗವಿಲ್ಲದ ಹಳೆ ಅಕ್ಷರ ಸಂಕೇತ ಪದ್ಧತಿ) ಇದ್ದು, ಅಕ್ಷರ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಒಂದೇ ತಪ್ಪಾದರೆ ಪರದೆಯ ಮೇಲೆ ಹೆಸರು ಚೆನ್ನಾಗಿಯೇ ಕಾಣುತ್ತದೆ. ಸಾಗಿಸಿದ ಮೇಲೆ ನೋಡಿದರೆ ಗೀಚಿದಂತಿರುತ್ತದೆ. ಇಲ್ಲಿ ಹಾಗಾಗಲಿಲ್ಲ.

ಎರಡನೇ ಸಲ ಸಾಲು ಎಣಿಸಿ ನಿಲ್ಲಲಿಲ್ಲ. ಹಳೆಯದರಿಂದ ಒಂದು, ಹೊಸದರಿಂದ ಒಂದು, ರೈತವಾರು ಬಾಕಿ ಪಟ್ಟಿ ತೆಗೆದು ಮುನೀಮರ ಮುಂದಿಟ್ಟೆ. ಬೆರಳಿಟ್ಟು ಒಂದೊಂದೇ ಹೆಸರು, ಒಂದೊಂದೇ ಮೊತ್ತ ಓದಿದರು. ಮಧ್ಯಾಹ್ನದ ಊಟ ತಡವಾಯಿತು. ಕೊನೆಯ ಹಾಳೆ ಮುಗಿದ ಮೇಲೆ ಎರಡಕ್ಕೂ ಸಹಿ ಹಾಕಿ ಕೊಟ್ಟರು. ಹಳೆ ಸರ್ವರನ್ನು ಓದಲು ಮಾತ್ರ ಬಿಟ್ಟು, ತೊಗರಿ ಸೀಸನ್ ಮುಗಿಯುವ ತನಕ ಆಫ್ ಮಾಡಲಿಲ್ಲ.