ನಾರ್ವೆಯ '3ನೇ ಡಿವಿಷನ್' ನಿಜಕ್ಕೂ ಮೂರನೆಯದಾ?

ಓದುಗರ ಪ್ರಶ್ನೆ: ಸ್ಕೋರ್ ಆ್ಯಪ್‌ನಲ್ಲಿ ನಾರ್ವೆ ಫುಟ್ಬಾಲ್ ತೆರೆದರೆ '3ನೇ ಡಿವಿಷನ್' ಅಂತ ಆರು ಗುಂಪು ಕಾಣಿಸುತ್ತವೆ. ಇದು ಆ ದೇಶದ ಮೂರನೇ ದರ್ಜೆಯ ಲೀಗಾ? ಆರು ಗುಂಪಿದ್ದರೆ ಮೇಲಕ್ಕೆ ಹೋಗುವವರು ಯಾರು?

ಉತ್ತರ: ಮೂರನೆಯದಲ್ಲ, ನಾಲ್ಕನೆಯದು. ಈ ಒಂದರ ವ್ಯತ್ಯಾಸ ಗೊತ್ತಿಲ್ಲದೆ ಪಟ್ಟಿ ನೋಡಿದರೆ ಯಾವ ಸುದ್ದಿಯೂ ಸರಿಯಾಗಿ ತಲೆಗೆ ಹೋಗುವುದಿಲ್ಲ.

1963ರಿಂದ ಸುಮಾರು ಮೂರು ದಶಕ ಅಲ್ಲಿನ ಅತಿ ಮೇಲಿನ ಲೀಗಿನ ಹೆಸರೇ '1ನೇ ಡಿವಿಷನ್' ಆಗಿತ್ತು. ಆಗ ಹೆಸರಿಗೂ ದರ್ಜೆಗೂ ತಾಳೆ ಇತ್ತು. 1990ರಲ್ಲಿ ಸರ್ಕಾರಿ ಲಾಟರಿ ಕಂಪನಿ ನಾರ್ಸ್ಕ್ ಟಿಪ್ಪಿಂಗ್ ಪ್ರಾಯೋಜಕತ್ವ ಕೊಟ್ಟಿತು, ಮೇಲಿನ ಲೀಗ್ 'ಟಿಪ್ಪೆಲೀಗ್' ಆಯಿತು. '1' ಅನ್ನುವ ಸಂಖ್ಯೆ ಖಾಲಿ ಬಿತ್ತು. ಮರುವರ್ಷ ಎರಡನೇ ದರ್ಜೆಗೆ '1ನೇ ಡಿವಿಷನ್' ಅಂತ ಹೆಸರಿಟ್ಟರು, ಅದರ ಕೆಳಗಿನದೆಲ್ಲ ಒಂದೊಂದು ಸಂಖ್ಯೆ ಮೇಲೆ ಸರಿಯಿತು. ಟಿಪ್ಪೆಲೀಗ್ 2017ರಲ್ಲಿ 'ಎಲಿಟೆಸೇರಿಯನ್' ಆಯಿತು, ಆದರೆ ಸಂಖ್ಯೆಗಳ ಗೊಂದಲ ಹಾಗೇ ಉಳಿಯಿತು. ಬಾಡಿಗೆದಾರ ಬಂದ ಅಂತ ಇಡೀ ಬೀದಿಯ ಮನೆ ನಂಬರ್ ಬದಲಿಸಿದ ಹಾಗೆ. ನನ್ನನ್ನು ಕೇಳಿದರೆ ಅನಗತ್ಯ ತಲೆನೋವು. ಅಲ್ಲಿನವರಿಗೆ ಅಭ್ಯಾಸವಾಗಿಬಿಟ್ಟಿದೆ, ಅಷ್ಟೆ.

ಈ ಹೆಸರು ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ ಹೋಡ್ ಕ್ಲಬ್ ಸಾಕ್ಷಿ. ಪಶ್ಚಿಮ ಕರಾವಳಿಯ ಉಲ್‌ಸ್ಟೈನ್‌ವಿಕ್ ಅನ್ನುವ ಪುಟ್ಟ ಊರಿನ ಈ ತಂಡ 2012ರಲ್ಲಿ ದೇಶದ ಕಪ್ ಗೆದ್ದಿತು, ಫೈನಲ್‌ನಲ್ಲಿ ಟ್ರೊಮ್ಸೊ ತಂಡವನ್ನು ಪೆನಾಲ್ಟಿಯಲ್ಲಿ ಸೋಲಿಸಿ. ಆಗ ಹೋಡ್ '1ನೇ ಡಿವಿಷನ್' ತಂಡ. ಇದನ್ನು ಓದಿದವರು 'ಅದರಲ್ಲೇನು ದೊಡ್ಡ ವಿಷಯ' ಅಂದುಕೊಂಡಾರು. ವಾಸ್ತವದಲ್ಲಿ ಎರಡನೇ ದರ್ಜೆಯವರು ಮೇಲಿನ ದರ್ಜೆಯವರ ಕೈಯಿಂದ ಕಪ್ ಕಿತ್ತುಕೊಂಡಿದ್ದರು.

ಈಗ ನಿಮ್ಮ ಆರು ಗುಂಪುಗಳ ವಿಷಯ. ಎಲಿಟೆಸೇರಿಯನ್‌ನಲ್ಲಿ 16 ತಂಡ, 1ನೇ ಡಿವಿಷನ್‌ನಲ್ಲೂ 16. ಅದರ ಕೆಳಗೆ ಮರ ಕವಲೊಡೆಯುತ್ತದೆ. 2ನೇ ಡಿವಿಷನ್‌ನಲ್ಲಿ ತಲಾ 14 ತಂಡಗಳ ಎರಡು ಗುಂಪು, 3ನೇ ಡಿವಿಷನ್‌ನಲ್ಲಿ ತಲಾ 14ರ ಆರು ಗುಂಪು, ಅಂದರೆ 84 ತಂಡ. ಕೆಲವು ಹೆಸರುಗಳ ಮುಂದೆ '2' ಅಂತ ಇರುತ್ತದಲ್ಲ, ಅದು ದೊಡ್ಡ ಕ್ಲಬ್ಬಿನ ಎರಡನೇ ತಂಡ, ಹೆಚ್ಚಾಗಿ ಹುಡುಗರು. 4ನೇ ಡಿವಿಷನ್‌ನಿಂದ ಕೆಳಗಿನದೆಲ್ಲ ಜಿಲ್ಲಾ ಸಂಘಗಳ ಉಸ್ತುವಾರಿ.

ಈ ಆಕಾರ ಬಂದದ್ದು 2017ರಲ್ಲಿ, ಅದೂ ಸುಲಭವಾಗಿ ಬರಲಿಲ್ಲ. ಅದಕ್ಕೆ ಮುಂಚೆ 2ನೇ ಡಿವಿಷನ್‌ನಲ್ಲಿ ನಾಲ್ಕು ಗುಂಪು, 56 ತಂಡ. 3ನೇ ಡಿವಿಷನ್‌ನಲ್ಲಿ ಹನ್ನೆರಡು ಗುಂಪು. ಎರಡನ್ನೂ ಅರ್ಧಕ್ಕೆ ಇಳಿಸಿದರು. ಹಾಗಾಗಿ 2016ರ ಸೀಸನ್ ಒಂದು ಕತ್ತರಿ ಪ್ರಯೋಗ. ಪಟ್ಟಿಯ ನಡುವೆ ನೆಮ್ಮದಿಯಾಗಿ ಕೂತು ಬೇರೆ ವರ್ಷ ಉಳಿದುಕೊಳ್ಳುತ್ತಿದ್ದ ತಂಡಗಳೂ ಆ ಸಲ ಕೆಳಗೆ ಉರುಳಿದವು.

ಆ ವರ್ಷ 1ನೇ ಡಿವಿಷನ್‌ನಿಂದ ಕೆಳಗೆ ಬಿದ್ದವರಲ್ಲಿ ಬ್ರೂನೆ ಒಂದು. ದಕ್ಷಿಣ-ಪಶ್ಚಿಮದ ಯಾರೆನ್ ಅನ್ನುವ ಕೃಷಿ ಪ್ರದೇಶದ ಕ್ಲಬ್. ಆ ತಂಡದಲ್ಲಿ ಅದೇ ಮೇ ತಿಂಗಳಲ್ಲಿ ಹದಿನೈದರ ಹುಡುಗನೊಬ್ಬ ಮೊದಲ ಸಲ ಕಣಕ್ಕಿಳಿದಿದ್ದ. ಸೀಸನ್ ಮುಗಿಯುವ ಹೊತ್ತಿಗೆ 16 ಪಂದ್ಯ, ಗೋಲು ಸೊನ್ನೆ. ಹುಡುಗನ ಹೆಸರು ಎರ್ಲಿಂಗ್ ಹಾಲಂಡ್, ಮುಂದೆ ಗೋಲುಗಳಿಗೇ ಜಗತ್ತಿನಾದ್ಯಂತ ಹೆಸರಾದವನು. ಅವನು ಮೊಲ್ಡೆ ಕ್ಲಬ್ಬಿಗೆ ಹೋದ, ಬ್ರೂನೆ '2ನೇ ಡಿವಿಷನ್'ಗೆ, ಅಂದರೆ ಮೂರನೇ ದರ್ಜೆಗೆ ಇಳಿಯಿತು.

ಇನ್ನು ಮೇಲಕ್ಕೆ ಹೋಗುವ ಲೆಕ್ಕ. ಪ್ರತಿ ತಂಡಕ್ಕೂ 26 ಪಂದ್ಯ: ಎದುರಾಳಿಯ ಜೊತೆ ತವರಲ್ಲೊಂದು, ಅವರ ಊರಲ್ಲೊಂದು. 3ನೇ ಡಿವಿಷನ್‌ನ ಆರು ಗುಂಪು ಗೆದ್ದ ಆರೂ ತಂಡ ಮೇಲೆ ಹೋಗುತ್ತವೆ. ಆ ಜಾಗ ಬಿಟ್ಟುಕೊಡುವವರು 2ನೇ ಡಿವಿಷನ್‌ನ ಎರಡು ಗುಂಪುಗಳ ಕೊನೆಯ ಮೂರು ಮೂರು ತಂಡ. ಅಲ್ಲಿ ಗುಂಪು ಗೆದ್ದವರು ನೇರ ಮೇಲಕ್ಕೆ. ಎರಡನೇ ಸ್ಥಾನದ ಇಬ್ಬರು ತಮ್ಮಲ್ಲೇ ಆಡಿ, ಗೆದ್ದವರು 1ನೇ ಡಿವಿಷನ್‌ನ ಹದಿನಾಲ್ಕನೆಯವರನ್ನು ಎದುರಿಸಬೇಕು.

ನನಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕ್ರೂರ ಅನಿಸುವುದು 3ನೇ ಡಿವಿಷನ್‌ನ ಎರಡನೇ ಸ್ಥಾನ. ಏಳು ತಿಂಗಳು ಓಡಾಡಿ, ಒಂದೇ ಅಂಕದಲ್ಲಿ ಹಿಂದೆ ಬಿದ್ದರೂ ಸಿಗುವುದು ಏನೂ ಇಲ್ಲ. ಪ್ಲೇಆಫ್ ಇಲ್ಲ, ಎರಡನೇ ಅವಕಾಶ ಇಲ್ಲ. ಹನ್ನೊಂದನೆಯವನಿಗೂ ಎರಡನೆಯವನಿಗೂ ಮರುವರ್ಷ ಅದೇ ಡಿವಿಷನ್. ಹನ್ನೆರಡರಿಂದ ಹದಿನಾಲ್ಕನೇ ಸ್ಥಾನದವರು ಮಾತ್ರ ಜಿಲ್ಲಾ ಲೀಗಿಗೆ.

ಅಂದ ಹಾಗೆ ಸೀಸನ್‌ಗೆ ಒಂದೇ ಇಸವಿ ಬರೆಯುವುದು ಯಾಕೆ ಅಂತಲೂ ಕೆಲವರಿಗೆ ಅನುಮಾನ. ಇಂಗ್ಲೆಂಡಿನ ಹಾಗೆ ಆಗಸ್ಟ್‌ನಲ್ಲಿ ಶುರು ಮಾಡಿ ಚಳಿಗಾಲವಿಡೀ ಆಡಲು ಅಲ್ಲಿ ಹಿಮ ಬಿಡುವುದಿಲ್ಲ. ಏಪ್ರಿಲ್‌ನಲ್ಲಿ ಆರಂಭ, ಜುಲೈನಲ್ಲಿ ಇಡೀ ದೇಶ ರಜೆಗೆ ಹೋದಾಗ ವಿರಾಮ, ಅಕ್ಟೋಬರ್-ನವೆಂಬರ್‌ನಲ್ಲಿ ಮುಕ್ತಾಯ. ಬಹುತೇಕ ಕಡೆ ಕೃತಕ ಹುಲ್ಲು. ಈ ಮಟ್ಟದಲ್ಲಿ ಹೆಚ್ಚಿನ ಆಟಗಾರರಿಗೆ ಹಗಲು ಬೇರೆ ಕೆಲಸ ಅಥವಾ ಓದು, ಸಂಜೆ ಅಭ್ಯಾಸ. ಮೈದಾನದ ಪಕ್ಕದ ಗೂಡಂಗಡಿಯಲ್ಲಿ ಆಟಗಾರರ ಅಪ್ಪ-ಅಮ್ಮಂದಿರು ವಾಫಲ್ ಸುಡುತ್ತಿರುತ್ತಾರೆ, ಮೇಲೆ ಕಂದು ಬಣ್ಣದ ಸಿಹಿ ಚೀಸ್‌ನ ತೆಳು ಹೋಳು. ಸಂಬಳವಿಲ್ಲದ ಈ ಸಾಮೂಹಿಕ ದುಡಿಮೆಗೆ ಅವರ ಭಾಷೆಯಲ್ಲಿ 'ದೂಗ್ನಾದ್' ಅನ್ನುತ್ತಾರೆ. ಕ್ಲಬ್ ನಡೆಯುವುದೇ ಅದರ ಮೇಲೆ. 2020ರಲ್ಲಿ ಕೋವಿಡ್‌ನಿಂದ 3ನೇ ಡಿವಿಷನ್‌ನ ಇಡೀ ಸೀಸನ್ ರದ್ದಾದಾಗ ಈ ಗೂಡಂಗಡಿಗಳಿಗೂ ಬೀಗ ಬಿತ್ತು.

ಬ್ರೂನೆಗೆ ಆ '2ನೇ ಡಿವಿಷನ್'ನಿಂದ ಹೊರಬರಲು ನಾಲ್ಕು ಸೀಸನ್ ಹಿಡಿಯಿತು. 2020ರಲ್ಲಿ ಮೇಲೇರುವ ಅರ್ಹತೆ ಗಳಿಸಿತು, 2025ರಲ್ಲಿ ಎಲಿಟೆಸೇರಿಯನ್ ಆಡಿತು. ತವರಿನ ಒಂದು ಪಂದ್ಯದಲ್ಲಿ ಶ್ರೇಷ್ಠ ಆಟಗಾರನಿಗೆ ಕೊಟ್ಟ ಬಹುಮಾನ ನಾಲ್ಕು ಟ್ರೇ ಮೊಟ್ಟೆ.