ಡಯೋರಾಮಾದ ಎಲೆಗಳನ್ನು ರೂಪಿಸುವ ಬಗೆ

ನಿಸರ್ಗ ಇತಿಹಾಸದ ವಸ್ತುಸಂಗ್ರಹಾಲಯಗಳ ಡಯೋರಾಮಾಗಳಲ್ಲಿ, ಅಂದರೆ ಪ್ರಾಣಿಗಳನ್ನು ಅವುಗಳ ನೆಲೆಯ ದೃಶ್ಯದೊಂದಿಗೆ ತೋರಿಸುವ ಪ್ರದರ್ಶನಗಳಲ್ಲಿ, ಪ್ರಾಣಿಯ ಚರ್ಮ ಸಾಮಾನ್ಯವಾಗಿ ನಿಜವಾದದ್ದೇ ಆಗಿರುತ್ತದೆ. ಅದರ ಸುತ್ತಲಿನ ಹಸಿರೆಲೆಗಳು ಮಾತ್ರ ಬಹುಪಾಲು ಕೃತಕ. ಕಿತ್ತ ಎಲೆ ಬೇಗ ಬಾಡುತ್ತದೆ, ಒಣಗಿಸಿಟ್ಟರೆ ಸುರುಟಿಕೊಳ್ಳುತ್ತದೆ. ಗ್ಲಿಸರಿನ್‌ನಲ್ಲಿ ನೆನೆಸಿದರೆ ಮೆದುವಾಗಿ ಉಳಿಯುತ್ತದೆಯಾದರೂ ಅದರ ಸಹಜ ಹಸಿರು ಉಳಿಯುವುದಿಲ್ಲ.

ಆದ್ದರಿಂದ ಎಲೆ ತಾಜಾ ಇರುವಾಗಲೇ ಪ್ಲಾಸ್ಟರಿನಲ್ಲಿ ಅದರ ಎರಡೂ ಬದಿಗಳ ಅಚ್ಚು ತೆಗೆಯಬೇಕು. ಹಳೆಯ ಕ್ರಮದಲ್ಲಿ ಕರಗಿದ ಮೇಣದಲ್ಲಿ ಅದ್ದಿದ ತೆಳು ಹತ್ತಿಯ ಪದರವನ್ನು, ನಡುನರದ ಜಾಗದಲ್ಲಿ ತಂತಿಯಿಟ್ಟು, ಎರಡು ಅಚ್ಚುಗಳ ನಡುವೆ ಒತ್ತುತ್ತಿದ್ದರು. ಸತ್ತ ಪ್ರಾಣಿಗಳ ಚರ್ಮದಿಂದ ಸಜೀವದಂತೆ ಕಾಣುವ ಮಾದರಿಗಳನ್ನು ರೂಪಿಸುತ್ತಿದ್ದ ಅಮೆರಿಕದ ಕಾರ್ಲ್ ಏಕ್ಲಿ ಮತ್ತು ಅವರ ಪತ್ನಿ ಡೀಲಿಯಾ ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿರುವ, ನಾಲ್ಕು ಋತುಗಳ ಜಿಂಕೆಗಳ ಪ್ರದರ್ಶನಕ್ಕಾಗಿ ಸಾವಿರಾರು ಮೇಣದ ಎಲೆಗಳನ್ನು ತಯಾರಿಸಿದರು. ಮೇಣಕ್ಕೆ ಬಿಸಿಯ ಭಯವಿದೆ. ಹೀಗಾಗಿ ಕಾಯಿಸಿದ ಪ್ಲಾಸ್ಟಿಕ್ ಹಾಳೆಯನ್ನು ನಿರ್ವಾತದ ಒತ್ತಡದಿಂದ ಅಚ್ಚಿನ ಮೇಲೆ ಕೂರಿಸುವ ವಿಧಾನ ಮುಂದೆ ಬಳಕೆಗೆ ಬಂತು.

ನಿಜವಾದ ಕಷ್ಟ ಆರಂಭವಾಗುವುದು ಇದಾದ ಮೇಲೆ. ಒಂದೇ ಅಚ್ಚಿನಿಂದ ಇಡೀ ಗಿಡವನ್ನು ತುಂಬಿಸಿದರೆ ನೋಡುಗನಿಗೆ ಕಾರಣ ತಿಳಿಯದಿದ್ದರೂ ಕಣ್ಣು ಅದನ್ನು ಒಪ್ಪುವುದಿಲ್ಲ. ಚಿಗುರು, ಬಲಿತ ಎಲೆ, ಹಣ್ಣೆಲೆ ಇವುಗಳಿಗೆ ಬೇರೆ ಬೇರೆ ಅಚ್ಚುಗಳೇ ಬೇಕು. ಎಲೆಯ ಹಿಂಬದಿಗೆ ಮೇಲ್ಬದಿಗಿಂತ ತಿಳಿಯಾದ, ಹೊಳಪಿಲ್ಲದ ಹಸಿರನ್ನು ಏರ್‌ಬ್ರಶ್‌ನಿಂದ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ತೆಳುವಾಗಿ ಹಲವು ಸಲ ಹಾಯಿಸಬೇಕು, ಅದೂ ಪ್ರದರ್ಶನದಲ್ಲಿ ಉರಿಯುವ ದೀಪದ ಬೆಳಕಿನಲ್ಲೇ, ಏಕೆಂದರೆ ಕಿಟಕಿಯ ಬೆಳಕಿನಲ್ಲಿ ಸರಿಹೊಂದಿದ ಹಸಿರು ದೀಪದಡಿ ಬೇರೆಯಾಗಿ ಕಾಣಬಹುದು. ಕಂಬಳಿಹುಳು ಅಂಚಿನಿಂದ ಕಮಾನಿನಾಕಾರದಲ್ಲಿ ತಿಂದ ಗುರುತು, ಎಲೆಯೊಳಗೆ ಸುರಂಗ ಕೊರೆಯುವ ಮರಿಹುಳು ಬಿಟ್ಟ ಅಂಕುಡೊಂಕು ಬಿಳಿ ಗೆರೆ, ಹಳದಿ ಅಂಚಿನ ಕಂದು ಚುಕ್ಕೆ ಇವನ್ನು ಅಲಂಕಾರವೆಂದು ಬಗೆಯದೆ ಆ ಜಾತಿಯ ಗಿಡದಲ್ಲಿ ನಿಜಕ್ಕೂ ಕಂಡದ್ದನ್ನಷ್ಟೇ ಮೂಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎಲೆ ಎಷ್ಟೇ ಚೆನ್ನಾಗಿದ್ದರೂ ಜೋಡಣೆ ತಪ್ಪಿದರೆ ಗಿಡ ಸುಳ್ಳಾಗುತ್ತದೆ. ಎದುರುಬದುರಾಗಿ ಎಲೆ ಬಿಡುವ ಮೇಪಲ್ ಮರಕ್ಕೆ ಒಮ್ಮೆ ಈ ಬದಿ, ಒಮ್ಮೆ ಆ ಬದಿ ಎಂಬಂತೆ ಪರ್ಯಾಯವಾಗಿ ಎಲೆ ಜೋಡಿಸುವಂತಿಲ್ಲ. ಹಾಗೆಯೇ, ಕೊಂಬಿನ ಮೇಲೆ ಮಖಮಲ್ಲಿನಂಥ ಚರ್ಮ ಇನ್ನೂ ಉಳಿದಿರುವ ಬಿಳಿಬಾಲದ ಜಿಂಕೆಯ ಪಕ್ಕದಲ್ಲಿ ಎಲೆಯುದುರಿಸುತ್ತಿರುವ ಮೇಪಲ್ ನಿಲ್ಲಬಾರದು, ಏಕೆಂದರೆ ಆ ಚರ್ಮ ಕಳಚುವುದು ಎಲೆ ಉದುರುವುದಕ್ಕಿಂತ ಮೊದಲು.

ಕೆಲಸ ಮುಗಿದ ಮೇಲೂ ಅಚ್ಚುಗಳನ್ನು ಎಸೆಯದೆ, ಬಣ್ಣದ ಮಾದರಿಗಳು, ಗಿಡ ಸಿಕ್ಕ ಸ್ಥಳ ಮತ್ತು ದಿನಾಂಕದ ಟಿಪ್ಪಣಿಗಳೊಂದಿಗೆ ಕಾಪಾಡಬೇಕು. ದಶಕಗಳ ನಂತರ ಮುರಿದ ಎಲೆಯನ್ನು ದುರಸ್ತಿ ಮಾಡುವವರಿಗೆ ಆಧಾರವಾಗುವುದು ಅವೇ.