ಗಜನಿಯ ಒಡ್ಡು ಯಾರದು?

ಹೊಳೆಯಂಚಿನ ತಗ್ಗು ಗದ್ದೆ, ಅಂದರೆ ಗಜನಿ. ಅದರ ಒಡ್ಡು ಒಡೆಯಲು ಒಂದು ಏಡಿ ಬಿಲ ಸಾಕು. ಬೆರಳು ತೂರುವಷ್ಟು ತೂತು. ಅಮಾವಾಸ್ಯೆ, ಹುಣ್ಣಿಮೆಗೆ ಸಮುದ್ರದ ಭರತ ಬಂದಾಗ ಅದರಲ್ಲಿ ನೀರು ಜಿನುಗುತ್ತದೆ, ಸುತ್ತಲಿನ ಮಣ್ಣು ಕರಗುತ್ತದೆ. ಆಗಲೇ ಯಾರಾದರೂ ಒಂದು ಬುಟ್ಟಿ ಕೆಸರು ಮೆತ್ತಿದರೆ ಆಯಿತು. ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಗದ್ದೆ ತುಂಬ ಉಪ್ಪುನೀರು. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಯಾಕೆ ಕಡಿಮೆಯಾಯಿತು ಎಂದು ಕೇಳುವವರಿಗೆ ನಾನು ಮೊದಲು ಈ ತೂತಿನ ವಿಷಯ ಹೇಳುತ್ತೇನೆ.

ಅಘನಾಶಿನಿ ಹೊಳೆ ಶಿರಸಿ ಕಡೆ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಭರತದ ನೀರು ಏರಿಬರುವ ಹೊಳೆಯಂಚಿನ ತಗ್ಗು ನೆಲವೇ ಗಜನಿ. ಜೂನ್ ಮಳೆ ಅಲ್ಲಿನ ಉಪ್ಪು ತೊಳೆದ ಮೇಲೆ ಮೊಳಕೆ ಬಂದ ಕಗ್ಗದ ಬೀಜ ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ಸಾಯುವುದಿಲ್ಲ. ಅಕ್ಟೋಬರ್ ಹೊತ್ತಿಗೆ ತೆನೆಯನ್ನಷ್ಟೇ ಕೊಯ್ದು ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಹಲಗೆ ಎತ್ತಿದರೆ ಹೊಳೆನೀರಿನ ಜೊತೆ ಮೀನು, ಶೆಟ್ಲಿ (ಸೀಗಡಿ), ಏಡಿ ಒಳಗೆ ಬರುತ್ತವೆ. ಆ ಹುಲ್ಲು ಕೊಳೆತು ಅವಕ್ಕೆ ಮೇವಾಗುತ್ತದೆ. ಒಂದೇ ನೆಲದಲ್ಲಿ ಅನ್ನವೂ ಮೀನೂ. ಇಂಥ ಬೇಸಾಯ ನಮ್ಮಲ್ಲಿದೆ ಅನ್ನುವುದೇ ನನಗೆ ಹೆಮ್ಮೆ.

ಆದರೆ ಇದು ಒಬ್ಬರಿಂದ ಆಗುವ ಕೆಲಸ ಅಲ್ಲ. ಗದ್ದೆ ಬೇರೆ ಬೇರೆಯಾದರೂ ಒಡ್ಡು ಒಂದೇ. ಹಿಂದೆ ಅದು ಮಣ್ಣಿನ ಒಡ್ಡು. ಮಳೆಗೆ ಮುಂಚೆ ಊರವರೆಲ್ಲ ಸೇರಿ ಕೆಸರು ಹೊತ್ತು ಗಟ್ಟಿ ಮಾಡುತ್ತಿದ್ದರು. ಭರತ ನೋಡಿ ಹಲಗೆ ಹಾಕುವುದಕ್ಕೂ ತೆಗೆಯುವುದಕ್ಕೂ ಆಳು ಇರುತ್ತಿತ್ತು. ಹಾಗಂತ ಆ ಕಾಲ ಚಂದ ಇತ್ತು ಎಂದು ಹೇಳಲಾರೆ. ಭೂಮಿ ಒಡೆಯರದು, ಬೆವರು ಗೇಣಿದಾರರದು. ದಿನಕರ ದೇಸಾಯಿಯವರು 1940ರ ಹೊತ್ತಿಗೆ ಈ ಜಿಲ್ಲೆಯಲ್ಲಿ ರೈತರನ್ನು ಸಂಘಟಿಸಿದ್ದು ಸುಮ್ನೆ ಅಲ್ಲ.

1974ರ ಮಾರ್ಚ್ 1ರಿಂದ ಹೊಸ ಭೂಸುಧಾರಣಾ ಕಾನೂನು ಜಾರಿಗೆ ಬಂತು. ಉಳುವವರಿಗೆ ಭೂಮಿ ಸಿಕ್ಕಿತು. ಆಗಲೇಬೇಕಾಗಿದ್ದ ನ್ಯಾಯ ಅದು. ಒಡೆಯರು ಹೋದ ಮೇಲೆ ಒಡ್ಡಿನ ಕೆಲಸಕ್ಕೆ ಜನರನ್ನು ಕರೆಯುವವರು ಯಾರು ಎಂಬುದನ್ನು ಮಾತ್ರ ಯಾವ ಕಾನೂನೂ ಬರೆದಿರಲಿಲ್ಲ. ಉಪ್ಪುನೀರು ನುಗ್ಗದಂತೆ ಗದ್ದೆ ಕಾಯುವ ಸರ್ಕಾರದ ಖಾರ್‌ಲ್ಯಾಂಡ್ ಯೋಜನೆಯಲ್ಲಿ ಕಲ್ಲಿನ ಕಾಯಂ ಒಡ್ಡುಗಳು ಬಂದವು. ಒಡ್ಡು ಗಟ್ಟಿಯಾಯಿತು, ಆದರೆ ಊರಿನದಾಗಿದ್ದದ್ದು ಸರ್ಕಾರದ್ದಾಯಿತು. ಕಲ್ಲು ಜಾರಿದರೆ ಅನುದಾನಕ್ಕೆ ಕಾಯುವುದು ರೂಢಿಯಾಯಿತು.

ಅದೇ ಹೊತ್ತಿಗೆ ಶೆಟ್ಲಿಗೆ ಬೆಲೆ ಬಂತು. 1990ರ ದಶಕದಲ್ಲಿ ಹಲವು ಗಜನಿಗಳು ಗುತ್ತಿಗೆಗೆ ಹೋದವು. ಶೆಟ್ಲಿಗೆ ಉಪ್ಪುನೀರು ಬೇಕು. ಭತ್ತಕ್ಕೆ ಮಳೆಗಾಲದಲ್ಲಿ ಸಿಹಿನೀರು ಬೇಕು. ಹಲಗೆ ಯಾವಾಗ ಎತ್ತಬೇಕು ಎಂದು ಗುತ್ತಿಗೆದಾರ ಹೇಳತೊಡಗಿದ ಮೇಲೆ ಕಗ್ಗಕ್ಕೆ ಜಾಗ ಎಲ್ಲಿ? ಆಮೇಲೆ ಬಿಳಿಚುಕ್ಕೆ ರೋಗ ಬಂದು ಶೆಟ್ಲಿ ಸತ್ತವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿಯ ವಾಣಿಜ್ಯ ಶೆಟ್ಲಿ ಸಾಕಣೆಗೆ ಕಡಿವಾಣ ಹಾಕಿತು. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಬೀಜದ ಭತ್ತವೇ ಉಳಿದಿರಲಿಲ್ಲ. ಮಾಣಿಕಟ್ಟದಂಥ ಕೆಲವೇ ಊರುಗಳಲ್ಲಿ ರೈತರು ಸೇರಿಕೊಂಡು ಕಗ್ಗ ಉಳಿಸಿಕೊಂಡರು.

2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿ, ಕಾಂಡ್ಲ ಗಿಡ, ಬಳಚು ಚಿಪ್ಪು ಎಲ್ಲದರ ಬಗ್ಗೆ ಮಾತು ಜಾಸ್ತಿಯಾಗಿದೆ. ಒಳ್ಳೆಯದೇ. ಆದರೆ ಬರುವ ಜೂನ್‌ನಲ್ಲಿ ಬೀಜ ಎರಚುವ ಮೊದಲು ತೂಬಿಗೆ ಹಲಗೆ ಇಳಿಸಬೇಕು, ಒಡ್ಡಿನ ಮೇಲೆ ನಡೆದು ಏಡಿ ಬಿಲ ಹುಡುಕಬೇಕು. ಅದಕ್ಕೆ ಈಗಲೂ ಬೇಕಾದದ್ದು ಕೆಸರಿನ ಬುಟ್ಟಿ ಹಿಡಿದ ನಾಲ್ಕು ಜನ.